ದೇಶಕ್ಕಾಗಿ ಅಂಗ ಕಳೆದುಕೊಂಡವರ ಗಾಡಿಗೆ ಒಂದು ಸರಣಿ ಕೊಡಿ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ, ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸೇನೆಯ ಕೆಲಸದಲ್ಲಿ ಕೈಯನ್ನೋ ಕಾಲನ್ನೋ ಕಣ್ಣನ್ನೋ ಕಳೆದುಕೊಂಡು ಊರಿಗೆ ಬಂದವರ ವಾಹನಗಳಿಗೆ ನಮ್ಮ ರಾಜ್ಯದಲ್ಲಿ ಬೇರೆಯೇ ಒಂದು ನೋಂದಣಿ ಸರಣಿ ಕೊಡಿ. ನಂಬರ್ ಪ್ಲೇಟ್ ನೋಡಿದ ಕೂಡಲೇ ಇದು ಅಂಥವರ ಗಾಡಿ ಅಂತ ಗೊತ್ತಾಗಬೇಕು. ಇದಕ್ಕೆ ಖಜಾನೆಯಿಂದ ದುಡ್ಡು ಬೇಡ, ಸೈಟು ಬೇಡ, ಸನ್ಮಾನ, ಶಾಲು ಅಂತೂ ಬೇಡವೇ ಬೇಡ.

ನನ್ನ ಯಜಮಾನರು ಹವಾಲ್ದಾರ್ ಆಗಿ ನಿವೃತ್ತರಾದವರು. ಕಾಶ್ಮೀರದ ಗಡಿಯಲ್ಲಿ ಗಸ್ತು ಹೋಗಿದ್ದಾಗ ನೆಲಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡರು. 1944ರಿಂದ ಸೈನಿಕರಿಗೆ ಕೈಕಾಲು ಮಾಡಿಕೊಡುತ್ತಿರುವ ಜಾಗ ಅದು. ಅಲ್ಲಿನವರ ಕೆಲಸದ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಸೇನೆಯೂ ಅವರನ್ನು ಕೈಬಿಡಲಿಲ್ಲ. ಸ್ಟೋರ್‌ನಲ್ಲಿ ಕೂತು ಮಾಡುವ ಕೆಲಸ ಕೊಟ್ಟು, ಪಿಂಚಣಿಗೆ ಬೇಕಾದಷ್ಟು ವರ್ಷ ಇಟ್ಟುಕೊಂಡಿತು. ಪಿಂಚಣಿ ತಿಂಗಳು ತಿಂಗಳು ಬರುತ್ತಿದೆ. ಮಾಜಿ ಸೈನಿಕರ ಚಿಕಿತ್ಸೆಗೆ ಕೊಡುವ ಇಸಿಎಚ್‌ಎಸ್ ಕಾರ್ಡ್ ಇದೆ. ಹಾಗಾಗಿ ಇದು ಹೊಟ್ಟೆಪಾಡಿನ ಅಹವಾಲಲ್ಲ. ಮನೆಯಿಂದ ಕಾರು ಹೊರಗೆ ತೆಗೆದಾಗೆಲ್ಲ ಎದುರಾಗುವ ಒಂದು ಕಿರಿಕಿರಿಯ ಬಗ್ಗೆ ಬರೆಯುತ್ತಿದ್ದೇನೆ. ಕಿರಿಕಿರಿ ಅನ್ನೋದು ಚಿಕ್ಕ ಮಾತು, ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ಯಾಂಟು, ಶೂ ಹಾಕಿಕೊಂಡರೆ ಅವರ ಕಾಲು ಕೃತಕ ಅಂತ ಯಾರಿಗೂ ಗೊತ್ತಾಗಲ್ಲ. ನಡೆಯುವಾಗ ಸ್ವಲ್ಪ ವಾಲುತ್ತಾರೆ, ಅದೂ ಸುಸ್ತಾದಾಗ ಮಾತ್ರ. ಸೇನೆಯ ಮೈಕಟ್ಟು ಇನ್ನೂ ಹಾಗೇ ಇದೆ. ನೋಡಿದವರು "ಗಟ್ಟಿ ಆಳು" ಅನ್ನುತ್ತಾರೆ. ತೊಂದರೆ ಇರೋದೇ ಇಲ್ಲಿ.

ಅವರು ಕಾರಿನಿಂದ ಇಳಿಯೋದು ಹೇಗೆ ಅಂತ ಹೇಳುತ್ತೇನೆ. ಅದು ಗೊತ್ತಾಗದಿದ್ದರೆ ಉಳಿದದ್ದು ಅರ್ಥವಾಗಲ್ಲ. ಮೊದಲು ಬಾಗಿಲನ್ನು ಪೂರ್ತಿ ತೆಗೆಯಬೇಕು. ಅರ್ಧ ತೆಗೆದರೆ ಆಗಲ್ಲ. ಸೀಟಿನ ಮೇಲೆ ಕೂತುಕೊಂಡೇ ಇಡೀ ಮೈಯನ್ನು ಬಲಕ್ಕೆ ತಿರುಗಿಸುತ್ತಾರೆ. ಬಲಗಾಲು ಹೊರಗೆ ಇಡುತ್ತಾರೆ. ಆಮೇಲೆ ಎಡ ತೊಡೆಯ ಕೆಳಗೆ ಎರಡೂ ಕೈ ಹಾಕಿ, ಕಾಲನ್ನು ಎತ್ತಿ, ಸ್ಟೇರಿಂಗ್ ಅಡಿಯಿಂದ ತಂದು ಹೊರಗೆ ಬಿಡುತ್ತಾರೆ. ಪಾದ ಸಮವಾಗಿ ಕೂತಿದೆಯಾ ಅಂತ ಬಗ್ಗಿ ನೋಡುತ್ತಾರೆ, ಆ ಪಾದಕ್ಕೆ ನೆಲ ಗೊತ್ತಾಗಲ್ಲವಲ್ಲ. ನೋಡಿಕೊಂಡು, ಬಾಗಿಲಿನ ಚೌಕಟ್ಟು ಹಿಡಿದು, ಒಂದೇ ಉಸಿರಿಗೆ ಏಳುತ್ತಾರೆ.

ಮಾಮೂಲಿ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರಿನವರು ಬಿಡುವ ಸಂದು ಒಂದೂವರೆ ಅಡಿ ಇದ್ದರೆ ಹೆಚ್ಚು. ಅದರಲ್ಲಿ ಇದೆಲ್ಲ ಎಲ್ಲಿಂದ ಆಗಬೇಕು? ಗಾಲಿಕುರ್ಚಿ ಗುರುತಿನ ಪಾರ್ಕಿಂಗ್ ಜಾಗವನ್ನು ಅಗಲವಾಗಿ ಬಿಡೋದು ಇದಕ್ಕೇ. ಲಿಫ್ಟಿಗೆ ಹತ್ತಿರ ಅನ್ನೋದು ಆಮೇಲಿನ ಮಾತು. ಬೇಸಿಗೆಯಲ್ಲಿ ಅದೂ ದೊಡ್ಡ ಮಾತೇ. ಮೊಂಡು ಕಾಲಿಗೆ ಹಾಕುವ ಉಣ್ಣೆ ಸಾಕ್ಸ್ ಬೆವರಿಗೆ ತೊಯ್ದು, ಚರ್ಮ ಉಜ್ಜಿ ಹುಣ್ಣಾದರೆ ಕೃತಕ ಕಾಲನ್ನು ತೆಗೆದಿಟ್ಟು ದಿನಗಟ್ಟಲೆ ಮನೆಯಲ್ಲೇ ಕೂರಬೇಕಾಗುತ್ತದೆ.

ಬೆಂಗಳೂರಿನ ಒಂದು ಮಾಲ್‌ಗೆ ಮಗಳ ಜೊತೆ ಹೋಗಿದ್ದೆವು. ನೆಲಮಾಳಿಗೆಯಲ್ಲಿ ಗಾಲಿಕುರ್ಚಿ ಚಿತ್ರ ಬರೆದಿದ್ದ ಜಾಗ ಖಾಲಿ ಇತ್ತು. ನಿಲ್ಲಿಸಿದರು. ಸೆಕ್ಯೂರಿಟಿ ಹುಡುಗ ಸೀಟಿ ಊದಿಕೊಂಡು ಓಡಿ ಬಂದ.

"ಸಾರ್, ಇದು ಅಂಗವಿಕಲರಿಗೆ. ತೆಗೀರಿ."

"ನನಗೇ ಕಣಪ್ಪ."

ಅವನು ಮೇಲಿಂದ ಕೆಳಗೆ ನೋಡಿದ. "ಚೆನ್ನಾಗೇ ಇದ್ದೀರಲ್ಲ ಸಾರ್."

ಹಿಂದೆ ಎರಡು ಕಾರು ಹಾರ್ನ್ ಹೊಡೆಯುತ್ತಿದ್ದವು. ನಾನು ಬ್ಯಾಗ್‌ನಿಂದ ಇಸಿಎಚ್‌ಎಸ್ ಕಾರ್ಡ್ ತೆಗೆದು ಕೊಟ್ಟೆ. "ಇದು ಆಸ್ಪತ್ರೆ ಕಾರ್ಡ್ ಅಲ್ವಾ ಮೇಡಂ?" ಅಂದ. ಅವನು ಹೇಳಿದ್ದೂ ನಿಜ. ಆಗ ನನ್ನ ಯಜಮಾನರು ಒಂದು ಮಾತೂ ಆಡದೆ ಎಡಗಡೆ ಪ್ಯಾಂಟನ್ನು ಮೊಣಕಾಲಿನವರೆಗೆ ಎಳೆದರು. ಬೂದು ಬಣ್ಣದ ಪೈಪು, ಅದಕ್ಕೆ ಸೇರಿಸಿದ ಪ್ಲಾಸ್ಟಿಕ್ ಪಾದ. ಪಕ್ಕದ ಕಾರಿನಿಂದ ಇಳಿಯುತ್ತಿದ್ದ ಮಕ್ಕಳು ಹಾಗೇ ನಿಂತು ನೋಡಿದವು. ಹುಡುಗ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದ. "ಆರ್ಮಿನಾ ಸಾರ್?" ಅಂತ ಕೇಳಿ ಸೆಲ್ಯೂಟ್ ಹೊಡೆದ. ಆ ಸೆಲ್ಯೂಟ್‌ನಿಂದ ಇವರಿಗೆ ಇನ್ನೂ ಜಾಸ್ತಿ ಬೇಜಾರಾಯಿತು. ಅವತ್ತಿನಿಂದ ಅಂಥ ಜಾಗ ಖಾಲಿ ಇದ್ದರೂ ಅಲ್ಲಿ ನಿಲ್ಲಿಸಲ್ಲ. ಎಲ್ಲೋ ದೂರದ ಮೂಲೆಯಲ್ಲಿ ಕಂಬದ ಪಕ್ಕ ಹಾಕಿ, ಅಷ್ಟು ದೂರ ನಡೆದು ಬರುತ್ತಾರೆ.

ಆ ಹುಡುಗನ ತಪ್ಪು ಅಂತ ನಾನು ಹೇಳಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು? ಎರಡು ಕಾಲೂ ಗಟ್ಟಿಯಿರುವವರು ದಿನಾ ಅಲ್ಲಿ ಗಾಡಿ ನಿಲ್ಲಿಸಿ ಅವನ ಮೇಲೇ ರೇಗಿ ಹೋಗುತ್ತಾರೆ. ಅಂಗಡಿಯಲ್ಲಿ ಸಿಗುವ ಗಾಲಿಕುರ್ಚಿ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ಅದನ್ನು ನಂಬು ಅಂತ ಅವನಿಗೆ ಹೇಳೋಕೂ ಆಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಪಾರ್ಕಿಂಗ್ ಕೂಡ ಎಲ್ಲರಿಗೂ ಎಟುಕುವಂತೆ ಇರಬೇಕು ಅನ್ನುತ್ತದೆ. ಜಾಗ ಬಿಟ್ಟಿದ್ದಾರೆ, ನೆಲಕ್ಕೆ ನೀಲಿ ಬಣ್ಣ ಬಳಿದಿದ್ದಾರೆ. ಆದರೆ ಆ ಜಾಗ ಯಾರದು ಅಂತ ದೂರದಿಂದ ತಿಳಿಯುವ ದಾರಿ ಮಾತ್ರ ಮಾಡಿಲ್ಲ. ಜೇಬಿನಲ್ಲಿ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇರಬಹುದು. ಅದನ್ನು ಯಾರಾದರೂ ಕೇಳಿದ ಮೇಲೆ ತೋರಿಸಬೇಕು. ಕೇಳಿಸಿಕೊಂಡಾಗಲೇ ಅವಮಾನ ಆಗಿಹೋಗಿರುತ್ತದೆ. ಪ್ಲೇಟ್ ಇದ್ದರೆ ಯಾರೂ ಕೇಳುವ ಮೊದಲೇ ಅದು ಹೇಳಿಬಿಡುತ್ತದೆ.

ಟೋಲ್ ಕಥೆ ಬೇರೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಲ್ಲಿ ಯಾರಿಗೆ ವಿನಾಯಿತಿ ಅಂತ ಒಂದು ಪಟ್ಟಿ ಇದೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರು ಫೋಟೋ ಇರುವ ಗುರುತಿನ ಚೀಟಿ ತೋರಿಸಿದರೆ ಟೋಲ್ ಇಲ್ಲ. ಸರಿಯಾದದ್ದೇ, ಅದಕ್ಕಿಂತ ಜಾಸ್ತಿ ಕೊಟ್ಟರೂ ಕಡಿಮೆಯೇ. ಆದರೆ ನೆಲಬಾಂಬ್ ತುಳಿದವರಿಗೆ ಸಾಮಾನ್ಯವಾಗಿ ಚಕ್ರ ಬರಲ್ಲ. ಗಸ್ತಿನ ಸಾಲಿನಲ್ಲಿ ಅವತ್ತು ಯಾರ ಕಾಲು ಎಲ್ಲಿ ಬಿತ್ತು ಅನ್ನೋದರ ಮೇಲೆ ಹೋಗುವ ಮಾತು ಅದು. ಹೆಚ್ಚೆಂದರೆ ಗಾಯಾಳುಗಳಿಗೆ ಕೊಡುವ ಪರಾಕ್ರಮ ಪದಕ ಬರುತ್ತದೆ. ಆ ಪದಕದ ಹೆಸರು ಟೋಲ್ ಪಟ್ಟಿಯಲ್ಲಿಲ್ಲ. 1901ರ ಸೇನಾ ಟೋಲ್ ಕಾಯ್ದೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಕರ್ತವ್ಯದ ಮೇಲಿರುವವರಿಗೆ. ಕಾಲು ಹೋಗಿ ನಿವೃತ್ತರಾದವರು ಈಗ ಯಾವ ಕರ್ತವ್ಯದ ಮೇಲಿದ್ದಾರೆ?

ಅದೇ ಪಟ್ಟಿಯಲ್ಲಿ ಅಂಗವಿಕಲರ ಬಳಕೆಗೆಂದೇ ವಿಶೇಷವಾಗಿ ತಯಾರಾದ ವಾಹನಕ್ಕೂ ವಿನಾಯಿತಿ ಇದೆ. ಇಲ್ಲೊಂದು ತಮಾಷೆ ನೋಡಿ. ಎಡಗಾಲು ಇಲ್ಲದವರು ಆಟೋಮ್ಯಾಟಿಕ್ ಕಾರು ಓಡಿಸಬಹುದು. ಕ್ಲಚ್ ಇಲ್ಲ, ಬ್ರೇಕು ಆಕ್ಸಿಲರೇಟರ್ ಎರಡೂ ಬಲಗಾಲಿಗೆ. ಗಾಡಿಯಲ್ಲಿ ಒಂದು ಬೋಲ್ಟ್ ಕೂಡ ಬದಲಾಯಿಸಬೇಕಿಲ್ಲ. ಬದಲಾಯಿಸಿಲ್ಲದ ಕಾರಣ ಅದು ವಿಶೇಷ ವಾಹನ ಆಗಲ್ಲ. ಅದೇ ಬಲಗಾಲು ಹೋಗಿದ್ದರೆ ಪೆಡಲ್ ಬದಲಾಯಿಸಬೇಕಿತ್ತು, ಆಗ ಆರ್‌ಸಿ ಪುಸ್ತಕದಲ್ಲಿ ಅದು ಬರುತ್ತಿತ್ತು. ನಾವು ನೋಂದಣಿಗೆ ಹೋದ ಕಚೇರಿಯ ಗುಮಾಸ್ತರು ಕಾರಿನ ಸುತ್ತ ಒಂದು ಸುತ್ತು ಬಂದು, "ಗಾಡೀಲಿ ಏನೂ ಚೇಂಜ್ ಇಲ್ವಲ್ಲ" ಅಂದರು. ಗಾಡಿಯಲ್ಲಿ ಇಲ್ಲ, ಚೇಂಜ್ ಇರೋದು ಡ್ರೈವರ್‌ನಲ್ಲಿ ಅಂತ ನನ್ನ ಯಜಮಾನರು ನಗುತ್ತಲೇ ಹೇಳಿದರು. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನೋಂದಣಿಯ 20ನೇ ನಮೂನೆಗೆ ತಿದ್ದುಪಡಿ ತಂದು, ಮಾಲೀಕರು ಅಂಗವಿಕಲರೇ ಅಂತ ದಾಖಲಿಸಲು ಜಾಗ ಮಾಡಿತು. ಅಂದರೆ ವಿಷಯ ನಿಮ್ಮ ಇಲಾಖೆಯ ಕಂಪ್ಯೂಟರ್‌ನಲ್ಲಿ ಬರೆದಿಡಲು ಈಗಾಗಲೇ ಜಾಗ ಇದೆ. ರಸ್ತೆಯಲ್ಲಿ ಮಾತ್ರ ಕಾಣಲ್ಲ.

ನಂಬರ್ ಪ್ಲೇಟ್‌ಗೆ ಮಾತು ಬರುತ್ತದೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಡಿಗೆ ಗಾಡಿಗೆ ಹಳದಿ. ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರಿಗೆ ಕಪ್ಪು. ರಾಯಭಾರ ಕಚೇರಿಗೆ ನೀಲಿ. ವಿದ್ಯುತ್ ವಾಹನಕ್ಕೆ 2018ರಿಂದ ಹಸಿರು. ಸೇನೆಯ ಗಾಡಿಗೆ ಮೇಲ್ಮುಖದ ಬಾಣ. ಬೇರೆ ಬೇರೆ ರಾಜ್ಯಕ್ಕೆ ವರ್ಗವಾಗುವವರಿಗೆ 2021ರಲ್ಲಿ ಬಿಎಚ್ ಸರಣಿಯೇ ಬಂತು, ಅದೂ ಒಂದು ಅಧಿಸೂಚನೆಯಲ್ಲಿ. ವರ್ಗಾವಣೆಯ ತಾಪತ್ರಯಕ್ಕೆ ಇಡೀ ದೇಶಕ್ಕೆ ಒಂದು ಸರಣಿ ಮಾಡಲು ಆಗುತ್ತದೆ ಅಂದ ಮೇಲೆ, ಇದು ಆಗಲ್ಲ ಅನ್ನೋಕೆ ಕಾರಣ ನನಗಂತೂ ಹೊಳೆಯುತ್ತಿಲ್ಲ.

ಪ್ಲೇಟ್‌ನ ಬಣ್ಣ, ಅಳತೆ, ಅಕ್ಷರದ ಗಾತ್ರ ಇವೆಲ್ಲ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ್ದು, ನಿಮ್ಮ ಕೈಯಲ್ಲಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೊಸ ಬಣ್ಣ ಕೊಡಿ ಅಂತ ನಿಮ್ಮನ್ನು ಕೇಳಿದರೆ, ದೆಹಲಿಗೆ ಬರೆಯುತ್ತೇವೆ ಅನ್ನುತ್ತೀರಿ, ಕಡತ ಅಲ್ಲೇ ಮಲಗುತ್ತದೆ. ಅದಕ್ಕೇ ನಾನು ಕೇಳುತ್ತಿರೋದು ನಿಮ್ಮ ಕೈಯಲ್ಲಿರುವುದನ್ನು. ನಮ್ಮ ರಸ್ತೆಯಲ್ಲಿ ಕೆಎ-01-ಜಿ ಅಂತ ಇರುವ ಕಾರು ಬಂದರೆ ಸರ್ಕಾರಿ ಗಾಡಿ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಕೆಎ-57-ಎಫ್ ಅಂದರೆ ಸಾರಿಗೆ ಸಂಸ್ಥೆಯ ಬಸ್ಸು. ಪ್ಲೇಟ್ ಅದೇ, ಬಣ್ಣದ ನಿಯಮ ಅದೇ, ಎಚ್‌ಎಸ್‌ಆರ್‌ಪಿ ಅನ್ನುವ ಅತಿ ಸುರಕ್ಷಿತ ಪ್ಲೇಟ್‌ನ ಅಶೋಕ ಚಕ್ರದ ಹೊಲೊಗ್ರಾಂ, ನೀಲಿ ಬಣ್ಣದ ಐಎನ್‌ಡಿ ಎಲ್ಲ ಅದೇ. ನಡುವಿನ ಅಕ್ಷರ ಮಾತ್ರ ಬೇರೆ. ಆ ಒಂದು ಅಕ್ಷರದ ಕೆಲಸವನ್ನು ಕರ್ನಾಟಕ ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದೆ. ರಾಜ್ಯದ ಯಾವ ಆರ್‌ಟಿಒದಲ್ಲೂ ಇನ್ನೂ ಬಳಸದ ಒಂದು ಅಕ್ಷರ ಜೋಡಿಯನ್ನು ಆರಿಸಿ, ಇದು ಯುದ್ಧದಲ್ಲಿ, ಸೇನಾ ಕರ್ತವ್ಯದಲ್ಲಿ ಅಂಗವಿಕಲರಾದವರಿಗೆ ಮಾತ್ರ ಅಂತ ಕಾದಿರಿಸಿ. ಯಾವ ಅಕ್ಷರ ಅನ್ನೋದು ನಿಮಗೇ ಬಿಟ್ಟಿದ್ದು.

ಫ್ಯಾನ್ಸಿ ನಂಬರಿನ ಹರಾಜು ನಡೆದಾಗ ಒಂದೊಂದು ನಂಬರ್ ಲಕ್ಷಗಟ್ಟಲೆಗೆ ಹೋಗುತ್ತದೆ. ಹೋಗಲಿ, ಖಜಾನೆಗೆ ಒಳ್ಳೇದೇ. ಈ ಸರಣಿಗೆ ಮಾತ್ರ ಹರಾಜು ಬೇಡ, ಹೆಚ್ಚಿನ ಶುಲ್ಕವೂ ಬೇಡ. ಕ್ರಮವಾಗಿ ಬಂದ ನಂಬರ್ ಕೊಡಿ, ಸಾಕು.

ಗೌರವ ಬೇರೆ, ಅನುಕೂಲ ಬೇರೆ. ಇದನ್ನು ಬಿಡಿಸಿ ಹೇಳದಿದ್ದರೆ ಎಡವಟ್ಟಾಗುತ್ತದೆ. ಅಮೆರಿಕದಲ್ಲಿ ಅಂಗವಿಕಲ ಮಾಜಿ ಸೈನಿಕರ ಪ್ಲೇಟ್ ಎಷ್ಟೋ ಕಾಲದಿಂದ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಹರಿಗೆ ಒಂದು ವಾಹನದ ನೋಂದಣಿ ಶುಲ್ಕವೂ ಇಲ್ಲ. ಟೆಕ್ಸಾಸ್‌ನಲ್ಲಿ ಮೊದಲು ಆ ಪ್ಲೇಟ್ ಇದ್ದವರೆಲ್ಲ ಅಂಗವಿಕಲರ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಬಹುದಿತ್ತು. ಆದರೆ ಸೈನಿಕರಿಗೆ ಆಗುವ ಎಲ್ಲ ವೈಕಲ್ಯವೂ ನಡಿಗೆಯದ್ದಲ್ಲ. ಕಿವಿ ಹೋದವರು ಇರುತ್ತಾರೆ, ಬೇರೆ ತೊಂದರೆ ಇರುವವರು ಇರುತ್ತಾರೆ. ಅವರೂ ಅಲ್ಲೇ ನಿಲ್ಲಿಸಿದರೆ ಗಾಲಿಕುರ್ಚಿಯವರಿಗೆ ಜಾಗ ಎಲ್ಲಿ? 2022ರ ಜನವರಿಯಿಂದ ಅಲ್ಲಿ ಕಾನೂನು ಬದಲಾಯಿತು. ಈಗ ಆ ಪ್ಲೇಟ್ ಮೇಲೆ ಗಾಲಿಕುರ್ಚಿ ಗುರುತೂ ಇದ್ದರೆ ಮಾತ್ರ ಆ ಜಾಗ. ನಾವು ಮೊದಲ ದಿನವೇ ಈ ಎರಡನ್ನೂ ಬೇರೆ ಇಟ್ಟುಕೊಂಡರೆ ಆಯಿತಲ್ಲ. ಸರಣಿಯ ಅಕ್ಷರ ಗೌರವಕ್ಕೆ. ನಡೆಯಲು ಕಷ್ಟ ಇರುವವರಿಗೆ ಮಾತ್ರ, ಮುಂದಿನ ಗಾಜಿನ ಒಳಗೆ ಇಡುವ, ನಕಲು ಮಾಡಲಾಗದ ಇಲಾಖೆಯ ಚೀಟಿ. ಇದು ಸೈನಿಕರಲ್ಲದ ಅಂಗವಿಕಲರಿಗೂ ಸಿಗಬೇಕು. ಪೋಲಿಯೊ ಆದ ನಮ್ಮ ಬೀದಿಯ ಮೇಷ್ಟ್ರಿಗೂ ಪಾರ್ಕಿಂಗ್‌ನಲ್ಲಿ ಬೇಕಾಗೋದು ಅಷ್ಟೇ ಅಗಲದ ಜಾಗ.

ಹಾಗಿದ್ದರೆ ಸೈನಿಕರಿಗೆ ಬೇರೆ ಅಕ್ಷರ ಯಾಕೆ ಅಂತ ಕೇಳಬಹುದು. ಕೆಂಪು ಗೂಟದ ಕಾರಿನ ದರ್ಬಾರು 2017ರ ಮೇ 1ಕ್ಕೆ ಮುಗಿಯಿತು, ಈಗ ಇನ್ನೊಂದು ವಿಐಪಿ ಗುರುತು ಯಾಕೆ ಅಂತಲೂ ಕೇಳುತ್ತಾರೆ. ನಮ್ಮ ಮನೆಯಲ್ಲೇ ಕೇಳಿದ್ದಾರೆ. ನನ್ನ ಉತ್ತರ ಇಷ್ಟು. ಕೆಂಪು ಗೂಟ ಬೇರೆಯವರನ್ನು ಪಕ್ಕಕ್ಕೆ ಸರಿಸುತ್ತಿತ್ತು. ಇದು ಯಾರನ್ನೂ ಸರಿಸಲ್ಲ. ಸಿಗ್ನಲ್‌ನಲ್ಲಿ ಎಲ್ಲರ ಹಾಗೇ ನಿಲ್ಲಬೇಕು, ದಂಡ ಬಿದ್ದರೆ ಎಲ್ಲರ ಹಾಗೇ ಕಟ್ಟಬೇಕು. ಇದು ಕೊಡೋದು ಒಂದನ್ನೇ: ಕಂಡ ಕಂಡ ಕಡೆ ಪ್ಯಾಂಟು ಎತ್ತಿ ಪುರಾವೆ ತೋರಿಸುವ ಕೆಲಸದಿಂದ ಬಿಡುಗಡೆ. ಕಾಲು ಹೋಗಿದೆ ಅಂತ ಸೇನೆಯ ವೈದ್ಯ ಮಂಡಳಿ ನೋಡಿ ಬರೆದಿದೆ, ಪಿಂಚಣಿ ಆದೇಶದಲ್ಲಿ ಶೇಕಡಾವಾರು ಅಚ್ಚಾಗಿದೆ. ಇಷ್ಟಾದ ಮೇಲೂ ಮಾಲ್‌ನವರಿಗೆ, ಟೋಲ್‌ನವರಿಗೆ, ಹೋಟೆಲ್ ಬಾಗಿಲಲ್ಲಿ ನಿಂತವರಿಗೆ ಮತ್ತೆ ಮತ್ತೆ ಸಾಬೀತು ಮಾಡಬೇಕು ಅಂದರೆ, ನಾವು ಮೈಮೇಲಿನ ಗಾಯವನ್ನೇ ಅವರ ಗುರುತಿನ ಚೀಟಿ ಮಾಡಿದ ಹಾಗಲ್ವಾ?

ಇನ್ನು ದುರುಪಯೋಗ. ಈಗ ಏನು ಕಡಿಮೆ ಇದೆಯಾ? ನಮ್ಮ ನೆಂಟರಲ್ಲೇ ಒಬ್ಬರ ಕಾರಿನ ಹಿಂದಿನ ಗಾಜಿನ ಮೇಲೆ ದೊಡ್ಡದಾಗಿ 'ಆರ್ಮಿ' ಅಂತಿದೆ. ಅವರಿಗೂ ಸೇನೆಗೂ ಇರುವ ಸಂಬಂಧ ಅಂದರೆ, ನಮ್ಮ ಕಾರ್ಡ್ ಇಸ್ಕೊಂಡು ಸೇನೆಯ ಕ್ಯಾಂಟೀನ್ ಅಂಗಡಿಯಿಂದ ಫ್ರಿಜ್ ತಂದಿದ್ದು! ಇಂಥ ಸ್ಟಿಕ್ಕರ್‌ಗಳು ಬೀದಿ ತುಂಬ ಇರೋದಕ್ಕೇ ನಿಜವಾದವರನ್ನೂ ಯಾರೂ ನಂಬಲ್ಲ. ಸ್ಟಿಕ್ಕರ್ ಯಾರು ಬೇಕಾದರೂ ಕೊಳ್ಳಬಹುದು, ನೋಂದಣಿ ಸಂಖ್ಯೆಯನ್ನು ಕೊಳ್ಳಲಾಗಲ್ಲ. ಎಚ್‌ಎಸ್‌ಆರ್‌ಪಿ ಮೇಲೆ ಲೇಸರ್‌ನಲ್ಲಿ ಕೆತ್ತಿದ ಸಂಖ್ಯೆ ಇರುತ್ತದೆ, ಪೊಲೀಸರು ಮೊಬೈಲಿನಲ್ಲೇ ಮಾಲೀಕರು ಯಾರು ಅಂತ ನೋಡಬಹುದು. ಹಳೇ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಹಾಕಿಸಿ ಅಂತ 2023ರಲ್ಲಿ ನಿಮ್ಮ ಇಲಾಖೆ ಆದೇಶ ಹೊರಡಿಸಿ, ಗಡುವನ್ನು ಮುಂದೆ ಹಾಕುತ್ತಾ ಹಾಕುತ್ತಾ ನಮ್ಮನ್ನೆಲ್ಲ ಓಡಾಡಿಸಿತಲ್ಲ, ಆ ಓಡಾಟಕ್ಕೆ ಇಷ್ಟಾದರೂ ಪ್ರಯೋಜನ ಆಗಲಿ.

ಸರಣಿಯ ಜೊತೆಗೆ ಬಿಗಿಯಾದ ಕಟ್ಟುಪಾಡು ಇರಲಿ. ಒಬ್ಬರಿಗೆ ಒಂದೇ ವಾಹನ. ಗಾಡಿ ಮಾರಿದರೆ ನಂಬರ್ ಇಲಾಖೆಗೆ ವಾಪಸ್, ಕೊಂಡವರಿಗೆ ಸಾಮಾನ್ಯ ಸರಣಿ. ಮಗ ಕೊಂಡ ಎರಡನೇ ಕಾರಿಗೆ ಅಪ್ಪನ ಹೆಸರಲ್ಲಿ ಈ ಅಕ್ಷರ ಬೇಡ. ನನ್ನ ಯಜಮಾನರ ಕಾಲದ ನಂತರ ಅದು ನನಗೂ ಬೇಡ. ನನ್ನ ಎರಡೂ ಕಾಲು ಚೆನ್ನಾಗಿವೆ.

ಮತ್ತೆ ಇದು ಕಡ್ಡಾಯ ಆಗಕೂಡದು. ನನ್ನ ಯಜಮಾನರಿಗೇ ಇದು ಅಷ್ಟಾಗಿ ಇಷ್ಟವಿಲ್ಲ ಅಂದರೆ ನಂಬುತ್ತೀರಾ? "ನಾನು ಕಾಲು ಕಳಕೊಂಡಿದ್ದನ್ನ ಬೋರ್ಡ್ ಹಾಕ್ಕೊಂಡು ಓಡಾಡಬೇಕಾ?" ಅನ್ನುತ್ತಾರೆ. ಅದೂ ನ್ಯಾಯವೇ. ಕೆಲವು ಕಡೆ ಸೈನಿಕನ ಗಾಡಿ ಅಂತ ಗೊತ್ತಾಗದಿದ್ದರೇ ಕ್ಷೇಮ ಅನ್ನುವವರೂ ಇದ್ದಾರೆ. ಬೇಕು ಅಂದವರಿಗೆ ಸಿಗಲಿ, ಬೇಡ ಅಂದವರನ್ನು ಯಾರೂ ಕೇಳದಿರಲಿ. ಪ್ಲೇಟ್ ಬಂದ ಮೇಲೆ ಅವರು ಹಾಕಿಸಿಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಗಂಡ ಹೆಂಡತಿ ಜಗಳ, ನಿಮ್ಮ ಇಲಾಖೆಗೆ ತರಲ್ಲ.

ನಮ್ಮ ದೇಶ ಇಂಥವರನ್ನು ಮರೆತೇಬಿಟ್ಟಿದೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಕರ್ತವ್ಯದಲ್ಲಿ ಅಂಗವಿಕಲರಾದ ಸೈನಿಕರ ವರ್ಷ ಅಂತ ಸೇನೆ 2018ನ್ನು ಘೋಷಿಸಿತ್ತು. 1971ರ ಯುದ್ಧದಲ್ಲಿ ಛಿದ್ರವಾದ ತನ್ನ ಕಾಲನ್ನು ತಾನೇ ಕುಕ್ರಿಯಿಂದ (ಗೂರ್ಖಾಗಳ ಕತ್ತಿ) ಕತ್ತರಿಸಿಕೊಂಡ ಸೇನಾಧಿಕಾರಿ ಇಯಾನ್ ಕಾರ್ಡೋಜೊ ಆಮೇಲೆ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ಮುನ್ನಡೆಸಿದರು. ಹೊಕಾಟೊ ಸೆಮಾ 2002ರಲ್ಲಿ ಕುಪ್ವಾರದಲ್ಲಿ ನೆಲಬಾಂಬಿಗೆ ಕಾಲು ಕೊಟ್ಟು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆದು ಕಂಚು ತಂದರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಅವರ ಕೈಗೆ ಅರ್ಜುನ ಪ್ರಶಸ್ತಿ ಬಂದಿದ್ದು 2025ರಲ್ಲಿ. ನಮ್ಮಲ್ಲಿ ಮನ್ನಣೆ ಬರುವ ಸ್ಪೀಡು ಇದು. ಚಿನ್ನ ಗೆದ್ದವರಿಗೇ ಇಷ್ಟು ತಡ. ಏನೂ ಗೆಲ್ಲದೆ, ಪಿಂಚಣಿ ತಗೊಂಡು, ಎರಡು ಎಕರೆ ಜಮೀನು ನೋಡಿಕೊಂಡು ಸುಮ್ನೆ ಇರುವವರು ಕೊಡಗಿನಲ್ಲಿ, ಹಾಸನದಲ್ಲಿ, ಬೆಳಗಾವಿಯಲ್ಲಿ, ಧಾರವಾಡ, ವಿಜಯಪುರದ ಕಡೆ ಇದ್ದಾರೆ. ಅವರು ಯಾರ ಹತ್ತಿರವೂ ಕೇಳಲ್ಲ. ಕೇಳಬಾರದು ಅಂತಲೇ ಅವರಿಗೆ ತರಬೇತಿ ಆಗಿರೋದು. ಅದಕ್ಕೇ ಹೆಂಡಂದಿರು ಬರೆಯಬೇಕಾಗುತ್ತದೆ.

ಅರ್ಹತೆ ಯಾರಿಗೆ ಅನ್ನೋದಕ್ಕೆ ನೀವು ಹೊಸ ಸಮಿತಿ ಮಾಡಬೇಕಿಲ್ಲ. ದಯವಿಟ್ಟು ಮಾಡಬೇಡಿ. ಯುದ್ಧ ಗಾಯದ ಪಿಂಚಣಿ ಪಡೆಯುವವರು, ಪರಾಕ್ರಮ ಪದಕ ಪಡೆದವರು, ಕರ್ತವ್ಯದಲ್ಲಿ ಅಂಗವಿಕಲರಾಗಿ ಅಂಗವೈಕಲ್ಯ ಪಿಂಚಣಿ ಪಡೆಯುವವರು, ಇವರ ಕಾಗದ ಎಲ್ಲ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಡಿಕೊಳ್ಳಬಹುದು. ಅಲ್ಲಿಂದ ಆರ್‌ಟಿಒಗೆ ಒಂದು ದೃಢೀಕರಣ ಹೋದರೆ ಕೆಲಸ ಮುಗಿಯಿತು. ಅರ್ಜಿದಾರರನ್ನು ಮತ್ತೆ ಜಿಲ್ಲಾಸ್ಪತ್ರೆಗೆ ಕಳಿಸಿ, ಹೋದ ಕಾಲು ವಾಪಸ್ ಬಂದಿದೆಯಾ ಅಂತ ನೋಡುವ ಪದ್ಧತಿ ಮಾತ್ರ ಇಟ್ಟುಕೊಳ್ಳಬೇಡಿ.

ಒಂದು ಸೇರ್ಪಡೆ ಇದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳವರು ಕಾಗದದ ಮೇಲೆ ಮಾಜಿ ಸೈನಿಕರಲ್ಲ. ಅವರ ಪಿಂಚಣಿ ಬೇರೆ, ಸೌಲಭ್ಯ ಬೇರೆ. ಆದರೆ ಛತ್ತೀಸ್‌ಗಢದ ಕಾಡಿನ ದಾರಿಯಲ್ಲಿ ಹೂತಿಟ್ಟ ಬಾಂಬು ಸಮವಸ್ತ್ರದ ಬಣ್ಣ ನೋಡಿ ಸಿಡಿಯಲ್ಲ. ಅವರನ್ನೂ, ಕರ್ತವ್ಯದಲ್ಲಿ ಅಂಗವಿಕಲರಾದ ನಮ್ಮ ರಾಜ್ಯದ ಪೊಲೀಸರನ್ನೂ ಈ ಸರಣಿಗೆ ಸೇರಿಸಿ. ಮಾಜಿ ಸೈನಿಕರ ಸಂಘಗಳಲ್ಲಿ ಕೆಲವರಿಗೆ ನನ್ನ ಈ ಮಾತು ಹಿಡಿಸದೇ ಇರಬಹುದು. ಆದರೂ ಹೇಳುತ್ತೇನೆ.

ಪ್ಲೇಟ್ ಗಾಡಿಗೆ ಅಂಟಿಕೊಂಡಿರುತ್ತದೆ, ಮನುಷ್ಯನಿಗಲ್ಲ. ಎರಡೂ ಕಣ್ಣು ಹೋದವರು ಗಾಡಿ ಓಡಿಸಲ್ಲ, ಮಗನ ಕಾರಿನಲ್ಲಿ ಕೂರುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ಪುಣೆಯ ಖಡ್ಕಿಯ ಪುನರ್ವಸತಿ ಕೇಂದ್ರದಲ್ಲಿ ಇರುವವರು ಊರಿಗೆ ಬಂದಾಗ ಬಾಡಿಗೆ ಕಾರಿನಲ್ಲಿ ಓಡಾಡುತ್ತಾರೆ. ಕಾರು ಇಲ್ಲದೆ ಪಕ್ಕಚಕ್ರದ ಸ್ಕೂಟರ್ ಇಟ್ಟುಕೊಂಡವರು ಇನ್ನೂ ಜಾಸ್ತಿ. ಸ್ಕೂಟರ್‌ಗೂ ಈ ಸರಣಿ ಸಿಗಲಿ. ನಾನು ಮೇಲೆ ಹೇಳಿದ ಗಾಜಿನ ಚೀಟಿಯನ್ನು ವ್ಯಕ್ತಿಯ ಹೆಸರಿಗೆ ಕೊಟ್ಟು, ಯಾವ ಗಾಡಿಯಲ್ಲಿ ಕೂತರೂ ಅಲ್ಲಿ ಇಡುವ ಹಾಗೆ ಮಾಡಿದರೆ ಉಳಿದವರಿಗೂ ಅನುಕೂಲ.

ಇಷ್ಟು ನಿಮ್ಮ ಕೈಯಲ್ಲಿರುವ ಕೆಲಸ. ದೆಹಲಿಗೆ ಬರೆಯಬೇಕಾದ್ದು ಎರಡು. ಟೋಲ್ ವಿನಾಯಿತಿ ಪಟ್ಟಿಯಲ್ಲಿ ಚಕ್ರ ಪಡೆದವರ ಪಕ್ಕದಲ್ಲೇ ಯುದ್ಧ ಗಾಯಾಳುಗಳನ್ನೂ ಸೇರಿಸಿ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ರಾಜ್ಯ ಸರ್ಕಾರದಿಂದ ಒಂದು ಪತ್ರ ಹೋಗಲಿ. ಅದೇ ಪತ್ರದಲ್ಲಿ, ವಿನಾಯಿತಿಯನ್ನು ಗಾಡಿಯ ರಚನೆಗೆ ಕಟ್ಟಿಹಾಕಬೇಡಿ, ಓಡಿಸುವವರ, ಪ್ರಯಾಣ ಮಾಡುವವರ ದೇಹಸ್ಥಿತಿಗೆ ಕಟ್ಟಿ ಅಂತಲೂ ಕೇಳಿ. ವಿನಾಯಿತಿಯ ಫಾಸ್ಟ್ಯಾಗ್ ವ್ಯವಸ್ಥೆ ಈಗಾಗಲೇ ಇದೆ, ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಇದು ಬರೀ ಕರ್ನಾಟಕದ ಬೇಡಿಕೆ ಅಲ್ಲ ಅಂತ ಬೇರೆ ರಾಜ್ಯಗಳೂ ಕೈಜೋಡಿಸಬಹುದು, ಆದರೆ ಯಾರಾದರೂ ಒಬ್ಬರು ಮೊದಲು ಬರೆಯಬೇಕು.

ಪ್ರತಿ ವರ್ಷ ಡಿಸೆಂಬರ್ 7ಕ್ಕೆ ಧ್ವಜ ದಿನ ಆಚರಿಸುತ್ತೇವೆ. 1949ರಿಂದ ನಡೆದುಬಂದ ಪದ್ಧತಿ. ಸೈನಿಕ ಕಲ್ಯಾಣ ಇಲಾಖೆಯವರು ಬಂದು ಮಂತ್ರಿಗಳ ಎದೆಗೆ ಧ್ವಜ ಚುಚ್ಚುತ್ತಾರೆ, ಕಾರಿಗೆ ಅಂಟಿಸಲು ಪುಟ್ಟ ಧ್ವಜದ ಸ್ಟಿಕ್ಕರ್ ಕೊಡುತ್ತಾರೆ. ನಿಮ್ಮ ಕಾರಿಗೂ ಅಂಟಿಸಿರುತ್ತಾರೆ. ಈ ಸಲ ಆ ದಿನದ ಒಳಗೆ ಸರಣಿಯ ಅಧಿಸೂಚನೆ ಹೊರಡಿಸಲು ಸಾಧ್ಯವೇ ಅಂತ ಸಾರಿಗೆ ಆಯುಕ್ತರನ್ನು ಕೇಳಿ ತಿಳಿಸಿ. ಆಗಲ್ಲ ಅಂದರೆ ಯಾವ ನಿಯಮ ಅಡ್ಡ ಬರುತ್ತದೆ ಅಂತ ಅದರ ಸಂಖ್ಯೆ ಸಮೇತ ಲಿಖಿತವಾಗಿ ತಿಳಿಸಬೇಕು ಅಂತ ವಿನಂತಿ. 'ಪರಿಶೀಲಿಸಲಾಗುವುದು' ಅನ್ನುವ ಉತ್ತರ ಬಂದರೆ ಇನ್ನೊಂದು ಪತ್ರ ಬರೆಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಾಜಿ ಹವಾಲ್ದಾರರೊಬ್ಬರ ಪತ್ನಿ,
ಹಾಸನ ಜಿಲ್ಲೆ.

ಪ್ರತಿಗಳು:
ಸಾರಿಗೆ ಆಯುಕ್ತರು, ಬೆಂಗಳೂರು.
ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು.